ಇಳಿದ ಕೊಬ್ಬು

ಲ್ಯಾಬಿನ ರಿಪೋರ್ಟು ಡಾಕ್ಟರ ಕೈ ಸೇರುವ ಮೊದಲೇ ಅವಳು ಅದನ್ನು ಓದಿ ಮುಗಿಸಿದ್ದಳು.

"ಇಳಿದಿದೆ ಕಣ್ರೀ! ಕೊಲೆಸ್ಟರಾಲ್ ಅರ್ಧಕ್ಕರ್ಧ ಇಳಿದಿದೆ!" ಎಂದು ಗಂಡನ ತೋಳು ಅಲುಗಿಸಿದಳು. "ಡಾಕ್ಟ್ರೇ, ಇವರ ಕೊಬ್ಬು ಇಳಿಸೋಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ."

ಬಸ್ ಡ್ರೈವರ್ ಗಂಡ ಕರವಸ್ತ್ರದೊಳಗೆ ಕೆಮ್ಮುತ್ತಲೇ ನಕ್ಕ. "ಮೈ ಕೊಬ್ಬು ಇಳೀತು ಡಾಕ್ಟ್ರೇ. ಬಾಯಿ ಕೊಬ್ಬು ಇನ್ನೂ ಇಳಿದಿಲ್ಲ ಅಂತಾಳೆ."

ಕೊಲೆಸ್ಟರಾಲ್ ಹೆಚ್ಚಿದೆ, ಹೃದಯಕ್ಕೆ ಅಪಾಯವೆಂದು ಬಸ್ ಡಿಪೋದ ಆರೋಗ್ಯ ತಪಾಸಣೆಯಲ್ಲಿ ಹೇಳಿದ ದಿನದಿಂದ ಅವಳು ಮನೆಗೆ ಬೆಣ್ಣೆ ತಂದಿರಲಿಲ್ಲ. ಮೊಟ್ಟೆಯ ಹಳದಿ ತೆಗೆದೇ ಬಡಿಸುತ್ತಿದ್ದಳು. ಅವನ ಹೊಟ್ಟೆ ಕರಗಿ ಅಂಗಿ ಜೋತುಬಿದ್ದಾಗ ಅಕ್ಕಪಕ್ಕದವರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಕೆಮ್ಮು ರಸ್ತೆಯ ಧೂಳಿನದೆಂದು ಎಲ್ಲರೂ ನಂಬಿದ್ದರು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಅಮ್ಮಾ, ಇದು ಪಥ್ಯದಿಂದ ಇಳಿದಿದ್ದಲ್ಲ. ಇವರಿಗೆ ಕ್ಷಯ. ಎರಡೂ ಶ್ವಾಸಕೋಶಕ್ಕೆ ಹರಡಿದೆ. ಆ ರೋಗಾಣು ಮೈಯ ಕೊಬ್ಬನ್ನೇ ತಿಂದು ಬದುಕುತ್ತೆ. ಆ ರೋಗಾಣುವನ್ನ ಸುಡೋಕೆ ಅಂತ ಮೈ ತನ್ನೊಳಗೇ ಬೆಂಕಿ ಹಚ್ಚಿಕೊಳ್ಳುತ್ತೆ. ಆ ಬೆಂಕಿ ಯಾವುದು ಶತ್ರು, ಯಾವುದು ನಮ್ಮದು ಅಂತ ನೋಡಲ್ಲ. ಉಳಿದಿರೋ ಕೊಬ್ಬನ್ನೂ ಸುಟ್ಟುಬಿಡುತ್ತೆ."

"ಮತ್ತೆ, ನಾನು ಊಟದಲ್ಲಿ ಕಟ್ಟುನಿಟ್ಟು ಮಾಡಿದ್ದು..."

"ರೋಗ ತಂದಿದ್ದು ನೀವಲ್ಲಮ್ಮಾ." ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. "ಇನ್ನೂ ಬೇಗ ಬರಬೇಕಿತ್ತು, ಅಷ್ಟೆ."

ಆ 'ಅಷ್ಟೆ' ಅವಳ ಎದೆಗೆ ನಾಟಿತು. ಗಂಡ ಅವಳತ್ತ ಬಾಗಿದ. "ಹೋಗ್ಲಿ ಬಿಡೇ. ಇನ್ಮೇಲಾದ್ರೂ ಬೆಣ್ಣೆ ಸಿಗುತ್ತಲ್ಲ."

ಅಂದಿನಿಂದಲೇ ಮಾತ್ರೆ ಶುರುವಾಯಿತು. ಅವಳು ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಬಳಿದುಕೊಟ್ಟು ಎದುರಿಗೇ ಕೂರುತ್ತಿದ್ದಳು. ಅವನು ಅವಳ ಮುಖ ನೋಡಿ ನುಂಗುತ್ತಿದ್ದ. ಆಮೇಲೆ ಬಚ್ಚಲಿಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಎಲ್ಲವನ್ನೂ ವಾಂತಿ ಮಾಡುತ್ತಿದ್ದ. ಅವಳಿಗೆ ಕೇಳಿಸುತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಔಷಧಿ ಮೈಗೆ ಹತ್ತುವಷ್ಟರಲ್ಲಿ ಕಾಲ ಮೀರಿತ್ತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

ದೂರದ ಊರಿನಲ್ಲಿದ್ದ ಅವನ ತಮ್ಮ ಓಡಿ ಬಂದ. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ, ಬಾಗಿಲ ತುಂಬ ನಿಲ್ಲುತ್ತಿದ್ದ ಅಣ್ಣ ಮಾತ್ರ ಅವನಿಗೆ ಗೊತ್ತಿದ್ದ. ಕೆಳಗೆ ಶವ ಒಯ್ಯುವ ಗಾಡಿ ಬಂದು ನಿಂತಾಗ, "ಮೆಟ್ಟಿಲು ಇಕ್ಕಟ್ಟು ಅತ್ತಿಗೆ, ನಾನೇ ಎತ್ತಿಕೊಳ್ತೀನಿ" ಎಂದ. ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎತ್ತಿದ.

ದೇಹ ಎಷ್ಟು ಸುಲಭವಾಗಿ ಮೇಲೆದ್ದಿತೆಂದರೆ, ಅವನು ಹಿಂದಕ್ಕೆ ತೂರಾಡಿ ಗೋಡೆಗೆ ಬಡಿದುಕೊಂಡ.