ಮೈಕಿನಲ್ಲಿ ಹೇಳಿದ ಥ್ಯಾಂಕ್ಸ್

ಮೈಸೂರಿನ ಒಂದು ಊದುಬತ್ತಿ ಫ್ಯಾಕ್ಟರಿ. ಮೂವತ್ತು ವರ್ಷದ ಹಿಂದಿನ ಮಾತು...

ಆಗೆಲ್ಲ ಮೊಬೈಲ್ ಇಲ್ಲ, ವಾಟ್ಸಾಪ್ ಗ್ರೂಪೂ ಇಲ್ಲ. ನಮಗಿದ್ದ ಗ್ರೂಪ್ ಅಂದರೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂರುವ ಪ್ಯಾಕಿಂಗ್ ಹೆಂಗಸರದ್ದು. ಸೂಪರ್‌ವೈಸರ್ ಆಗಿದ್ದ ನನಗೂ ಒಂದು ಹಿಡಿ ಚಿತ್ರಾನ್ನ ಸಿಗುತ್ತಿತ್ತು!

ಯಜಮಾನರು ವೀರಭದ್ರಪ್ಪ, ಒಳ್ಳೆಯ ಮನುಷ್ಯ. ಪ್ರತಿ ಶನಿವಾರ ಸಂಜೆ ಮಹಡಿಯ ರೂಮಿನಿಂದಲೇ ಮೈಕ್ ಹಿಡಿಯುತ್ತಿದ್ದರು, ಕೆಳಗೆ ಸ್ಪೀಕರಿನಲ್ಲಿ ನಮಗೆ ಕೇಳಿಸುತ್ತಿತ್ತು.

"ಹಲೋ... ಹಲೋ... ಈ ವಾರ ಚೆನ್ನಾಗಿ ಕೆಲಸ ಮಾಡಿದವರಿಗೆ ನನ್ನ ಥ್ಯಾಂಕ್ಸೂ..."

ಆ ಕೆಮ್ಮು, ಆ ಎಳೆತ... ಇವತ್ತಿಗೂ ನಾನು ಹಾಗೇ ಮಾಡಿ ತೋರಿಸಬಲ್ಲೆ. ಹೆಸರು ಬಂದವರಿಗೆ ಕೆಳಗೆ ಎಲ್ಲರ ಚಪ್ಪಾಳೆ.

ಅಲ್ಲಿ ಒಂಬತ್ತು ವರ್ಷದಿಂದ ಇದ್ದವರು ಜವರಮ್ಮ. ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ನಾವು "ಮೂಗಿ" ಅನ್ನುತ್ತಿದ್ದೆವು. ನೆನೆದರೆ ನಾಚಿಕೆ...

ನಿಜವಾಗಿ ಫ್ಯಾಕ್ಟರಿಯ ಮೂಗೇ ಆಕೆ! ಒಂದು ಕಡ್ಡಿ ಮೂಸಿದರೆ ಸಾಕು, ವಾಸನೆ ಕೆಟ್ಟ ಕಟ್ಟನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು.

ಒಂದು ಶನಿವಾರ ಯಜಮಾನರ ಟೇಬಲ್ ಮೇಲೆ ಒಂದು ಚೀಟಿ. ಪ್ಯಾಕಿಂಗಿನಲ್ಲಿ ಜವರಮ್ಮನ ಪಕ್ಕ ಕೂರುವ ಗೆಳತಿ ನೂರ್‌ಜಹಾನ್ ಬರೆದದ್ದು, ಕೆಳಗೆ ಜವರಮ್ಮನ ಹೆಬ್ಬೆಟ್ಟು.

"ಸೋಮವಾರದಿಂದ ಬರುವುದಿಲ್ಲ. ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಯಜಮಾನರು ನೊಂದುಕೊಂಡರು. ನೂರ್‌ಜಹಾನರನ್ನು ಕರೆಸಿದರು. ನಾನೂ ಅಲ್ಲೇ ನಿಂತಿದ್ದೆ.

"ಏನವ್ವಾ ಇದು? ಎಲ್ರಿಗಿಂತ ಜಾಸ್ತಿ ಥ್ಯಾಂಕ್ಸ್ ಹೇಳಿರೋದೇ ಅವಳಿಗೆ! ಹೋದ್ ವಾರಾನೂ ಹೇಳ್ದೆ!"

"ಹೂಂ ಸಾ. ಮೈಕಲ್ಲಿ ಹೇಳುದ್ರಿ."

"ಮತ್ತೆ?"

"ನಾವೆಲ್ಲ ಚಪ್ಪಾಳೆ ಹೊಡುದ್ವಿ. ಯಾರ ಹೆಸರೋ ಬಂತು ಅಂದ್ಕೊಂಡು ಅವಳೂ ಹೊಡುದ್ಳು ಸಾ... ಅದ ನೋಡಿ ಎಲ್ರೂ ನಕ್ಬುಟ್ರು. ನಿನ್ನ ಹೆಸರೇ ಅಂತ ಅವಳಿಗೆ ಹೇಳ್ಬೇಕು ಅಂತ ನಂಗೂ ಹೊಳೀಲಿಲ್ಲ."

ನಾನು ತಲೆ ತಗ್ಗಿಸಿದೆ... ನಕ್ಕವರಲ್ಲಿ ನಾನೂ ಒಬ್ಬ.

ಆಕೆಗೆ ಕಿವಿ ಕೇಳಿಸದು ಅಂತ ಯಜಮಾನರಿಗೆ ಗೊತ್ತಿತ್ತು. ಮೈಕ್ ಹಿಡಿದಾಗ ಒಮ್ಮೆಯೂ ನೆನಪಾಗಿರಲಿಲ್ಲ, ಅಷ್ಟೇ...

ಅವತ್ತು ಸಂಜೆ ಮೈಕ್ ಮೌನ. ವೀರಭದ್ರಪ್ಪನವರೇ ಮೆಟ್ಟಿಲಿಳಿದು ಬಂದು ಜವರಮ್ಮನ ಎದುರು ಚಾಪೆಯ ಮೇಲೆ ಕೂತರು.

ಒಂದು ಕಡ್ಡಿ ಮೂಸಿದರು. ಥೇಟ್ ಆಕೆಯಂತೆಯೇ ಮುಖ ಸಿಂಡರಿಸಿ ಕಟ್ಟನ್ನು ಪಕ್ಕಕ್ಕಿಟ್ಟರು. ಆಮೇಲೆ ಆಕೆಯತ್ತ ತಿರುಗಿ ಕೈ ಮುಗಿದರು.

ನನ್ನ ಮಿಮಿಕ್ರಿ ಎಲ್ಲ ಅದರ ಮುಂದೆ ಏನೂ ಅಲ್ಲ...

ಜವರಮ್ಮ ತಬ್ಬಿಬ್ಬಾದರು. ನೂರ್‌ಜಹಾನ್ ಸ್ಪೀಕರಿನ ಕಡೆ ತೋರಿಸಿ ಕೈಸನ್ನೆಯಲ್ಲಿ ಹೇಳಿದರು... ಅದರೊಳಗಿಂದ ಇಷ್ಟು ವರ್ಷ ನಿನ್ನ ಹೆಸರೂ ಬರುತ್ತಿತ್ತು ಕಣೇ.

ಜವರಮ್ಮ ಸ್ಪೀಕರನ್ನು ನೋಡಿದರು... ನಮ್ಮನ್ನು ನೋಡಿದರು... ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ತಪ್ಪಾಯ್ತು ಅನ್ನೋದನ್ನ ಕೈಯಲ್ಲಿ ಹೆಂಗ್ ಹೇಳ್ತಾರವ್ವಾ?" ಯಜಮಾನರು ಗೆಳತಿಯನ್ನು ಕೇಳಿದರು.

ನೂರ್‌ಜಹಾನ್ ತೋರಿಸಿಕೊಟ್ಟರು. ಯಜಮಾನರು ತಪ್ಪುತಪ್ಪಾಗಿ ಮಾಡಿದರು. ಅಳುತ್ತಿದ್ದ ಜವರಮ್ಮ ನಕ್ಕು, ಅವರ ಬೆರಳು ಹಿಡಿದು ತಾವೇ ಸರಿ ಮಾಡಿದರು!

ಮುಂದೆ ಪ್ರತಿ ಶನಿವಾರ ಯಜಮಾನರು ನಡೆದೇ ಬರುತ್ತಿದ್ದರು, ಒಬ್ಬೊಬ್ಬರ ಹತ್ತಿರ. ಗೇಟಿನ ವಾಚ್‌ಮನ್ನಿಗೂ, ಹಿತ್ತಲಲ್ಲಿ ಕಸ ಗುಡಿಸುವವರಿಗೂ ಸ್ಪೀಕರಿನ ಸದ್ದು ಮುಟ್ಟುತ್ತಲೇ ಇರಲಿಲ್ಲ ಅಂತ ಆಗಲೇ ಅವರಿಗೆ ತಿಳಿದದ್ದು.

ಅಂದಹಾಗೆ... ಆ ಸೋಮವಾರ ಬೆಳಿಗ್ಗೆ ಗೇಟ್ ತೆಗೆದಾಗ ಎಲ್ಲರಿಗಿಂತ ಮೊದಲು ಒಳಗೆ ಬಂದವರು ಜವರಮ್ಮ.

*ಎದುರಿನವರಿಗೆ ತಲುಪಿದ ಮೇಲೇ ಅದು ಕೃತಜ್ಞತೆ.*

ನೀವು ಹೇಳಿಯೂ ತಲುಪದ ಥ್ಯಾಂಕ್ಸ್ ಒಂದು ಇರಬಹುದಲ್ಲವೇ... ಅದು ಯಾರಿಗೆ ಸೇರಬೇಕಾದದ್ದು?