ಮೂರನೆಯ ಗೆಣ್ಣು

"ಈ ಸಲ ನಾವೇ ಗೆಲ್ಲೋದು ಕಣೋ ಆವಲಪ್ಪ. ಸುಮ್ನೆ ಹೇಳ್ತಿಲ್ಲ, ಕಾರಣ ಇದೆ," ಎಂದು ಶ್ಯಾಮಣ್ಣ ಮನೆಯ ಜಗಲಿಯ ಮೇಲೆ ಕಾಲು ಮಡಚಿ ಕುಳಿತು, ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿಟ್ಟ.

ಪೀಣ್ಯದ ಪಂಪು ಕಾರ್ಖಾನೆಯ ಫುಟ್ಬಾಲ್ ತಂಡಕ್ಕೆ ಅವನು ನಾಯಕ, ಆವಲಪ್ಪ ಗೋಲ್‌ಕೀಪರ್. ಹೋದ ವರ್ಷ ಲೀಗಿನಲ್ಲಿ ಆಡಿದ್ದನ್ನೆಲ್ಲ ಸೋತಿದ್ದರು. ಬರುವ ಭಾನುವಾರದ ಮೊದಲ ಪಂದ್ಯವನ್ನೂ ಸೋತರೆ ತಂಡವನ್ನೇ ಮುಚ್ಚಿಬಿಡುವುದಾಗಿ ಮ್ಯಾನೇಜರು ಹೇಳಿದ್ದರು. ಅಂದಿನಿಂದ ಶ್ಯಾಮಣ್ಣನಿಗೆ ಗೆಲ್ಲುವುದಕ್ಕೆ ಕಾರಣ ಹುಡುಕುವುದೇ ಕೆಲಸವಾಗಿತ್ತು.

"ಒಂದು, ಮ್ಯಾಚು ನಮ್ಮ ಗ್ರೌಂಡಲ್ಲೇ. ಎಲ್ಲಿ ಗುಂಡಿ, ಎಲ್ಲಿ ಕಲ್ಲು, ಎಲ್ಲಾ ನಮಗೆ ಗೊತ್ತು."

"ಹೋದ್ಸಲಾನೂ ಅದೇ ಗುಂಡೀಲಲ್ವಾ ಅಣ್ಣ ನಾನು ಬಿದ್ದಿದ್ದು?"

"ಎರಡು, ನಿನ್ನ ಮೊಣಕಾಲು ವಾಸಿಯಾಗಿದೆ."

"ಯಾರು ಹೇಳಿದ್ರು?"

ಅಷ್ಟರಲ್ಲಿ ಶ್ಯಾಮಣ್ಣನ ಹೆಂಡತಿ ಕೃಷ್ಣಮ್ಮ ಬಾಗಿಲಿಗೆ ಬಂದಳು. "ಮುದ್ದೆಗೆ ಇನ್ನೊಂದ್ಸಲ ಎಸರಿಟ್ಟಿದ್ದೀನಿ. ನಿಮ್ಮೂಟ ಸ್ವಲ್ಪ ತಡ ಆಗುತ್ತೆ. ಒಂದ್ನಿಮಿಷ ಒಳಗೆ ಬನ್ರಿ."

"ಆಗ್ಲೇ ಮಾಡಿಟ್ಟಿದ್ಯಲ್ಲ?"

ಅವಳು ಒಳಗಡೆಗೆ ಕಣ್ಣು ಹೊರಳಿಸಿ ತೋರಿಸಿದಳು. ಶ್ಯಾಮಣ್ಣನ ಹೆಬ್ಬೆರಳು ಆಗಲೇ ಮೂರನೆಯ ಗೆಣ್ಣಿಗೆ ಬಂದಿತ್ತು. "ಬರ್ತೀನಿ ಇರು," ಎಂದ.

"ಮೂರು, ಇದು ಕೇಳು. ಮೊದಲ್ನೇ ಮ್ಯಾಚು ಯಾರ ಮೇಲೆ? ಸ್ಟ್ರೈಕ್ ಮಾಡ್ತಿರೋ ಫ್ಯಾಕ್ಟರಿಯೋರ ಮೇಲೆ. ಎರಡು ತಿಂಗಳಿಂದ ಸಂಬಳ ಇಲ್ಲ ಅವರಿಗೆ. ಹೊಟ್ಟೆಗೆ ಹಿಟ್ಟಿಲ್ಲದೋರು ಚೆಂಡಿನ ಹಿಂದೆ ಓಡ್ತಾರೇನೋ? ಹನ್ನೊಂದು ಜನ ಸೇರೋದೇ ಡೌಟು. ವಾಕೋವರ್ ಕಣೋ, ಆಡ್ದೇನೇ ಗೆದ್ದಂಗೆ. ಮ್ಯಾಚ್ ಆದ್ಮೇಲೆ ಎರಡು ಟೀಮಿಗೂ ನಮ್ಮ ಕ್ಯಾಂಟೀನಲ್ಲಿ ಪಲಾವ್ ಹಾಕ್ತಾರಲ್ಲ, ಅಲ್ಲಿಗೂ ಹೇಳಿ ಬಂದೆ, ಈ ಸಲ ನಮ್ಮೋರಿಗಷ್ಟೇ ಮಾಡಿ ಸಾಕು ಅಂತ."

"ಅವರ ಸೆಂಟರ್ ಫಾರ್ವರ್ಡು ನಿಮ್ಮ ಭಾಮೈದನೇ ಅಲ್ವಾ ಅಣ್ಣ?"

"ರಾಮಾಂಜಿನೀನಾ? ಬಸ್ಸಿಗೆ ಕಾಸೆಲ್ಲಿದೆ ಅವನ ಹತ್ರ? ಮಾಕಳಿಯಿಂದ ನಡ್ಕೊಂಡು ಬರೋಷ್ಟರಲ್ಲೇ ಅವನ ಆಟ ಮುಗ್ದಿರುತ್ತೆ ಬಿಡು." ಶ್ಯಾಮಣ್ಣ ನಕ್ಕ. ಆವಲಪ್ಪ ನಗಲಿಲ್ಲ. ಅವನ ನೋಟ ಶ್ಯಾಮಣ್ಣನ ಹೆಗಲಿನಾಚೆ ಬಾಗಿಲಿನ ಮೇಲೆ ನಿಂತಿತ್ತು.

ಶ್ಯಾಮಣ್ಣ ತಿರುಗಿದ. ಹಿತ್ತಲ ಬಾಗಿಲಿನಿಂದ ಬಂದು ಉಂಡು ಕೈ ತೊಳೆದಿದ್ದ ರಾಮಾಂಜಿನಪ್ಪ ಅಕ್ಕನ ಪಕ್ಕದಲ್ಲಿ ನಿಂತು ಟವೆಲ್ಲಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದ. ಅಂಗಿ ಬೇರೆ ಯಾರದೋ ಎಂಬಂತೆ ಹೆಗಲ ಮೇಲೆ ಜೋತುಬಿದ್ದಿತ್ತು. ಮೊಣಕಾಲಿನವರೆಗೂ ರಸ್ತೆಯ ಧೂಳು. ಎರಡನೆಯ ಸಲ ಎಸರಿಟ್ಟಿದ್ದು ಏಕೆಂದು ಶ್ಯಾಮಣ್ಣನಿಗೆ ಆಗ ತಿಳಿಯಿತು. ಯಾವಾಗ ಬಂದೆ ಎಂದು ಕೇಳಬೇಕೆನಿಸಿತು. ಆ ಮಾತೂ ಈಗ ಎಷ್ಟು ಕೇಳಿಸಿಕೊಂಡೆ ಎಂದು ಕೇಳಿದಂತಾಗುತ್ತದೆಂದು ಹೊಳೆಯಿತು. ರಜೆಯ ದಿನ, ಸುತ್ತಲಿನ ಶೆಡ್ಡುಗಳಲ್ಲಿ ಒಂದು ಯಂತ್ರದ ಸದ್ದೂ ಇರಲಿಲ್ಲ. ಆವಲಪ್ಪ ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದ.

"ಹನ್ನೊಂದು ಜನಾನೂ ಬರ್ತೀವಿ ಭಾವ," ಎಂದ ರಾಮಾಂಜಿನಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದಿದ್ದರೆ ಶ್ಯಾಮಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. "ಗೆಲ್ಲೋದು ನೀವೇ ಗೆಲ್ಲಿ, ಅದಕ್ಕೇನಂತೆ. ಕ್ಯಾಂಟೀನಿಗೆ ಹೇಳಿದ್ದೀರಲ್ಲ, ಅದೊಂದು ಮಾತು ವಾಪಸ್ ತಗೊಳ್ಳೋಕಾಗುತ್ತಾ?"

ಶ್ಯಾಮಣ್ಣ ತಲೆ ತಗ್ಗಿಸಿದ. ಹೆಬ್ಬೆರಳು ಇನ್ನೂ ಮೂರನೆಯ ಗೆಣ್ಣಿನ ಮೇಲೆಯೇ ಇತ್ತು.