ಎರಡನೆಯ ಸಹಿ

ವಿಮಾನದ ಗೂಡಿನಲ್ಲಿ ಕೂತ ಪೈಲಟ್ ರೊವೀನಾ ಸ್ಟಿಕ್ಕನ್ನು ಎಡಕ್ಕೆ ವಾಲಿಸಿದಳು. ಎಡ ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ ಮೇಲೇಳಬೇಕಿತ್ತು. ಅದು ಕೆಳಗಿಳಿಯಿತು. ರೆಕ್ಕೆಯ ತುದಿಯಲ್ಲಿ ನಿಂತಿದ್ದ ಡೆಸ್ಮಂಡ್ ತನ್ನ ಕಣ್ಣೇ ತಪ್ಪಿರಬೇಕೆಂದುಕೊಂಡು, ಇನ್ನೊಮ್ಮೆ ಎಂದು ಬೆರಳೆತ್ತಿದ. ಆಕೆ ಭುಜದ ಬೆಲ್ಟು ಬಿಗಿಯುತ್ತಲೇ, ರೆಕ್ಕೆಯತ್ತ ತಿರುಗಿಯೂ ನೋಡದೆ, ಮತ್ತೆ ವಾಲಿಸಿದಳು. ಮತ್ತೆ ಕೆಳಗೇ. ಒಳಗೆ ಸ್ಟಿಕ್ಕನ್ನು ಪಟ್ಟಿಗಳಿಗೆ ಜೋಡಿಸುವ ಎರಡು ತಂತಿಗಳು ಅದಲುಬದಲಾಗಿದ್ದವು. ಹೀಗೇ ನೆಲ ಬಿಟ್ಟರೆ, ಒಂದು ಕಡೆ ವಾಲಿದ ವಿಮಾನವನ್ನು ಅವಳು ನೆಟ್ಟಗೆ ಮಾಡಲು ಹೋದಷ್ಟೂ ಅದು ಇನ್ನಷ್ಟು ವಾಲುತ್ತದೆ. ಕೆಲವೇ ಕ್ಷಣಗಳ ಮಾತು.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ರೇಸಿಗೆಂದೇ ಕಟ್ಟಿದ, ಒಬ್ಬರೇ ಕೂರುವ ಕೆಂಪು ವಿಮಾನ ಅದು. ಕೋಳಿಗಳ ಷೆಡ್ಡಿನಲ್ಲಿ ಮುರಿದು ಬಿದ್ದಿದ್ದನ್ನು ತಂದು ಗೆಳೆಯರಾದ ಹೆಡ್ಲಿ ಮತ್ತು ಡೆಸ್ಮಂಡ್ ಹನ್ನೊಂದು ವರ್ಷ ದುಡಿದಿದ್ದರು. ಮೇಬಲ್ ಎಂದು ಹೆಸರಿಟ್ಟಿದ್ದರು. ಯುದ್ಧಕ್ಕೆ ಮೊದಲು ನೆಲಕ್ಕಿಳಿದವಳು ಇವತ್ತು ಮೊದಲ ಸಲ ಮತ್ತೆ ಹಾರಬೇಕಿತ್ತು. ಲಿಂಕನ್‌ಶೈರಿನ ಬಯಲುಸೀಮೆಯ ಗಾಳಿ ಕೂಡ ಅಪರೂಪಕ್ಕೆ ಸುಮ್ಮನಿತ್ತು. ಬೇಲಿಯಾಚೆ ವಿಮಾನ ಕ್ಲಬ್ಬಿನವರು ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿದ್ದರು.

ತಂತಿ ಕಟ್ಟಿದವನು ಹೆಡ್ಲಿ. ನಿಯಮದ ಪ್ರಕಾರ ಕಟ್ಟಿದವನು ಹಾಳೆಯ ಮೇಲೆ ಸಹಿ ಹಾಕಬೇಕು. ಆ ಕೆಲಸಕ್ಕೆ ಕೈ ಹಚ್ಚದ ಇನ್ನೊಬ್ಬ ಹೊಸದಾಗಿ ನೋಡಿ ಎರಡನೆಯ ಸಹಿ ಹಾಕಬೇಕು. ಇಬ್ಬರೂ ಮೂವತ್ತು ವರ್ಷದಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸಹಿ ಹಾಕುತ್ತ ಬಂದಿದ್ದರು. ಆದರೆ ಹೋದ ವರ್ಷ ಮ್ಯೂರಿಯೆಲ್ ತೀರಿಕೊಂಡ ಮೇಲೆ ಅವಳ ಗಂಡ ಹೆಡ್ಲಿಯ ಕೈಯಲ್ಲಿ ಏನೇನೋ ತಪ್ಪತೊಡಗಿತು. ಡೆಸ್ಮಂಡ್ ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ಕ್ಲಬ್ಬಿನವರು ಹೆಡ್ಲಿಯ ಕೈಯಿಂದ ಸಹಿಯ ಪೆನ್ನು ಕಿತ್ತುಕೊಳ್ಳುತ್ತಾರೆ. ಪೆನ್ನು ಹೋದರೆ ಹ್ಯಾಂಗರೂ ಹೋಯಿತು, ಹ್ಯಾಂಗರ್ ಹೋದರೆ ಹೆಡ್ಲಿಗೆ ಅಡಿಗೆಮನೆಯ ಕಿಟಕಿ ಒಂದೇ ಉಳಿಯುವುದು. ಅದಕ್ಕೇ ಡೆಸ್ಮಂಡ್ ಬೆಳಿಗ್ಗೆ ಅರ್ಧ ಗಂಟೆ ಮೊದಲು ಬಂದು ತಾನೇ ಸರಿಪಡಿಸಿ, ಎರಡನೆಯ ಸಹಿ ಹಾಕಿಬಿಡುತ್ತಿದ್ದ.

ಇವತ್ತು ಮಾತ್ರ ಆ ಅರ್ಧ ಗಂಟೆ ಸಿಕ್ಕಿರಲಿಲ್ಲ. ಹೆಡ್ಲಿ ಅವನಿಗಿಂತ ಮೊದಲೇ ಬಂದು, ಕೊನೆಯ ತಂತಿಯನ್ನೂ ಬಿಗಿದು, ಟೈ ಕಟ್ಟಿಕೊಂಡು ನಿಂತಿದ್ದ.

"ಕೇಬಲ್ ಸ್ವಲ್ಪ ಬಿಗಿ ಅನ್ಸುತ್ತೆ. ನಾಳೆಗಿಟ್ಕೊಳ್ಳೋಣ," ಎಂದ ಡೆಸ್ಮಂಡ್.

"ಬಿಗಿಯಾಗಿರೋದು ನಿನ್ನ ಮೊಣಕಾಲು ಕಣಯ್ಯ," ಎಂದು ಹೆಡ್ಲಿ ನಕ್ಕ. "ಸಹಿ ಹಾಕು. ಆ ಹುಡುಗಿ ಅಲ್ಲೇ ಬೆಂದುಹೋಗ್ತಾಳೆ."

ಡೆಸ್ಮಂಡ್ ಹಾಳೆಯನ್ನು ಮುಟ್ಟಲಿಲ್ಲ. ಹೆಡ್ಲಿಯ ನಗು ಮೊದಲು ಕಣ್ಣಿನಿಂದ, ಆಮೇಲೆ ತುಟಿಯಿಂದ ಇಳಿಯಿತು. ಅವನು ರೆಕ್ಕೆಯ ಹಿಂದಕ್ಕೆ ಬಂದು ನಿಂತು, ಎಡಕ್ಕೆ ವಾಲಿಸುವಂತೆ ರೊವೀನಾಳಿಗೆ ಹೇಳಿದ. ನೋಡಿದ. ಬಲಕ್ಕೂ ವಾಲಿಸು ಎಂದ. ನೋಡಿದ. ಕೊರಳ ಟೈಯ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಸಡಿಲಿಸಿದ.

"ನಾನು ನೋಡದೆ ಇದ್ದಿದ್ರೆ, ನಾಳೆ ಬೆಳಿಗ್ಗೆ ಬಂದು ನೀನೇ ಬದಲಾಯಿಸಿಬಿಡ್ತಿದ್ದೆ," ಎಂದ.

ಡೆಸ್ಮಂಡ್ ಹೌದೆಂದು ತಲೆಯಾಡಿಸಿದ.

"ಇದೇ ಮೊದಲನೇದಾ?" ಎಂದು ಕೇಳಿದ ಹೆಡ್ಲಿ.

ಸುಳ್ಳು ಹೇಳಲು ಈಗಲೂ ಜಾಗವಿತ್ತು. ಡೆಸ್ಮಂಡ್ ಗೂಡಿನಲ್ಲಿ ಕೂತಿದ್ದ ರೊವೀನಾಳ ತಲೆಯನ್ನು ನೋಡಿದ. ಚರ್ಮದ ಟೊಪ್ಪಿಯ ಅಂಚಿನಿಂದ ಒಂದೆಳೆ ಕೂದಲು ಹೊರಗೆ ಬಂದಿತ್ತು. ಅವನು ಒಂದೊಂದಾಗಿ ಹೇಳಿದ: ಬಾಲದ ಪಟ್ಟಿಯ ಕೀಲಿಗೆ ಪಿನ್ನು ಹಾಕದೆ ಬಿಟ್ಟದ್ದು, ಪೆಟ್ರೋಲ್ ಕೊಳವೆಯನ್ನು ಕೈಯಲ್ಲಷ್ಟೇ ತಿರುಗಿಸಿ ಬಿಟ್ಟದ್ದು, ಒಳಗಿನ ರಾಟೆಯ ಮೇಲಿಂದ ತಂತಿ ಜಾರಿಸಿ ಕೂರಿಸಿದ್ದು, ಚಕ್ರದ ಬೋಲ್ಟು ಬಿಗಿಯದೆ ಬಿಟ್ಟದ್ದು. ಒಟ್ಟು ನಾಲ್ಕು ತಪ್ಪು. ಎಲ್ಲವನ್ನೂ ತಾನೇ ಸರಿ ಮಾಡಿದ್ದೇನೆ, ಒಂದೂ ಬಾಕಿಯಿಲ್ಲ, ಎಂದ. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಒಂದು ಬಗೆಯ ಹಗುರ ಬಂದಿತ್ತು. ಗೆಳೆಯ ಬೈಯಬಹುದು, ಅಳಬಹುದು, ಕೊನೆಗೆ ಕ್ಷಮಿಸಬಹುದು. ಮೂರಕ್ಕೂ ಅವನು ಸಿದ್ಧನಿದ್ದ.

ಹೆಡ್ಲಿ ಬೈಯಲಿಲ್ಲ. ಸಹಿಯ ಹಾಳೆಯನ್ನು ರೆಕ್ಕೆಯ ಮೇಲಿಟ್ಟು, ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿದ. ಆ ಪೆನ್ನನ್ನು ಡೆಸ್ಮಂಡನ ಜೇಬಿಗೆ ಸಿಕ್ಕಿಸಿದ. ಸಿಕ್ಕಿಸಿದ ಮೇಲೂ ಕೈಯನ್ನು ಅಲ್ಲೇ, ಅವನ ಎದೆಯ ಮೇಲೇ ಇಟ್ಟುಕೊಂಡು ಯೋಚಿಸಿದ.

"ನಂದು ಮುಗೀತು, ಬಿಡು," ಎಂದ. "ಆದ್ರೆ ಒಂದ್ ಮಾತು ಹೇಳು, ಡೆಸ್. ನಾನು ಕಟ್ಟಿದ್ದನ್ನ ನೀನು ನೋಡ್ದೆ. ಬಿಚ್ಚಿ ನೀನೇ ಕಟ್ಟಿದ್ಯಲ್ಲ ಆ ನಾಲ್ಕು, ಅವನ್ನ ನೋಡ್ದೋರು ಯಾರು?"

ವಿಮಾನ ಇನ್ನೇನು ಏಳುತ್ತದೆಂದು ಬೇಲಿಯಾಚೆ ಯಾರೋ ಸಣ್ಣಗೆ ಚಪ್ಪಾಳೆ ಶುರುಮಾಡಿದ್ದರು. ಗೂಡಿನಲ್ಲಿದ್ದ ರೊವೀನಾ ಮೆಲ್ಲಗೆ ಸ್ಟಿಕ್ಕಿನಿಂದ ಕೈ ತೆಗೆದಳು.